ರಸಾಯನ ಶಾಸ್ತ್ರದ ಪ್ರವೇಶವೂ ಮೌಖಿಕ ಪರೀಕ್ಷೆಯೂ

ಬಸವಕಲ್ಯಾಣ, ಹುಮನಾಬಾದ ತಾಲೂಕುಗಳಲ್ಲಿ ಬಿ.ಎಸ್‌ಸಿ. ಓದುವ ಮಕ್ಕಳಲ್ಲಿ ಕೆಲವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಡೆಗೆ ಕಣ್ಣಿಟ್ಟಿರುತ್ತಾರೆ. 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ಪದವೀಧರರನ್ನು ಪಿಎಚ್.ಡಿ.ಯವರೆಗೆ ಒಯ್ಯುವ ಸಂಯೋಜಿತ ವ್ಯಾಸಂಗವೊಂದುಂಟು. 'ಜ್ಯಾಮ್' ಎಂಬ 100 ಅಂಕಗಳ, ಮೂರು ತಾಸಿನ ಅಖಿಲ ಭಾರತ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನ ಪಡೆದವರನ್ನು ಕರೆಯಿಸಿ, ವಿದ್ವಾಂಸರ ಮಂಡಲಿಯು ಪ್ರಶ್ನಿಸಿ ಆರಿಸಿಕೊಳ್ಳುವುದು. ನಮ್ಮ ಭಾಗಕ್ಕೆ 2013ರಿಂದ ದೊರೆತ 371 ಜೆ ವಿಧಿಯ ಮೀಸಲು ರಾಜ್ಯದ ವಿದ್ಯಾಸಂಸ್ಥೆಗಳಿಗೆ ಸಂಬಂಧಿಸಿದ್ದು. ಇಲ್ಲಿ ಅದು ನೆರವಿಗೆ ಬಾರದೆಂಬುದನ್ನು ಗೃಹಸ್ಥರು ಮೊದಲೇ ಅರಿತಿರತಕ್ಕದ್ದು.

ಬರೆವಣಿಗೆಯಲ್ಲಿ ಗೆದ್ದ ಹುಡುಗನು ಮಾತಿನಲ್ಲಿ ಸೋತು ಮರಳುವುದುಂಟು. ಅದರೊಡನೆ ಒಂದು ವರ್ಷವೂ ಹೋಗುವುದು. ಬಡವರ ಮನೆಯಲ್ಲಿ ಎಷ್ಟೋ ಸಲ ಓದೇ ನಿಂತುಹೋಗುವುದು. ಇಂಥ ಸೋಲಿಗೆ ಅಜ್ಞಾನಕ್ಕಿಂತ ಅಂಜಿಕೆಯೇ ಹೆಚ್ಚಾಗಿ ಕಾರಣವೆಂದು ನನ್ನ ಅಭಿಪ್ರಾಯ. ಆಗ ಮನೆಯವರು ಹೊಸ ಅಂಗಿ ಹೊಲಿಸುತ್ತಾರೆ, ಇಂಗ್ಲಿಷಿನಲ್ಲಿ ಆತ್ಮಪರಿಚಯವನ್ನು ಬಾಯಿಪಾಠ ಮಾಡಿಸುತ್ತಾರೆ. ಅಂಗಿಯಿಂದ ಹಾನಿಯಿಲ್ಲ, ಬಾಯಿಪಾಠದಿಂದ ಉಂಟು. ಎರಡನೆಯ ಪ್ರಶ್ನೆಗೇ ಅದು ಬಯಲಾಗುವುದು.

ನ್ಯಾಯಶಾಸ್ತ್ರವು ಚರ್ಚೆಯಲ್ಲಿ ವಾದ, ಜಲ್ಪ ಎಂದು ಭೇದವೆಣಿಸುತ್ತದೆ. ತತ್ತ್ವವನ್ನರಿಯಲು ನಡೆಯುವುದು ವಾದ. ಗೆಲ್ಲುವುದಕ್ಕಾಗಿಯೇ ನಡೆಯುವುದು ಜಲ್ಪ. ಮೌಖಿಕ ಪರೀಕ್ಷೆಯು ವಾದವೆಂದು ತಿಳಿದವನಿಗೆ ಅರ್ಧ ಭಯವು ಅಲ್ಲಿಯೇ ಕಳೆಯುವುದು. ಉತ್ತರವು ತಿಳಿಯದಿದ್ದರೆ ತಿಳಿಯದೆನ್ನಬೇಕು. ಆದರೆ ಅಷ್ಟಕ್ಕೆ ನಿಲ್ಲಿಸದೆ, ಹೇಗೆ ಯೋಚಿಸಬಹುದೆಂಬುದನ್ನು ಬಾಯಿಬಿಟ್ಟು ಹೇಳಬೇಕು. ಪರೀಕ್ಷಕರಿಗೆ ಬೇಕಾದದ್ದು ಆ ಯೋಚನೆಯೇ.

ಅಭ್ಯಾಸಕ್ಕೆ ವಸ್ತುವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಜಿಲ್ಲೆಯ ಬಿದರಿ ಪಾತ್ರೆಯನ್ನೇ ಎದುರಿಗಿಡಿರಿ. ಅದರ ಲೋಹದಲ್ಲಿ ಬಹುಪಾಲು ಸತು, ಅಲ್ಪಭಾಗ ತಾಮ್ರ. ಮೇಲೆ ಬೆಳ್ಳಿಯ ಕುಸುರಿ. ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ಹಚ್ಚಿದರೆ ಲೋಹವು ಕಡುಕಪ್ಪಾಗುವುದು, ಬೆಳ್ಳಿಯು ಬೆಳಗುತ್ತಲೇ ಇರುವುದು. ಏಕೆ? ಸತುವು ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಬೆಳ್ಳಿಯು ಬಿಡದು ಎಂಬಲ್ಲಿಂದ ಉತ್ತರವು ಆರಂಭವಾಗಲಿ. ಹಾಗಾದರೆ ಮನೆಯ ಬೆಳ್ಳಿಯ ಬಟ್ಟಲು ಕಪ್ಪಾಗುವುದೇಕೆ? ಅದು ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳ ಕೆಲಸ. ನವಸಾಗರವು ಲವಣವಾಗಿದ್ದರೂ ಅದರ ದ್ರಾವಣವು ಆಮ್ಲಗುಣವನ್ನು ತೋರುವುದೇಕೆ? ಅಮೋನಿಯಮ್ ಅಯಾನು ನೀರಿಗೆ ಪ್ರೋಟಾನನ್ನು ಕೊಡುವುದರಿಂದ. ಸತುವನ್ನು ಅದಿರಿನಿಂದ ತೆಗೆಯುವುದು ನಮ್ಮ ಹಿರಿಯರಿಗೆ ಏಕೆ ಕಷ್ಟವಾಗಿತ್ತು? ಸತು 907 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದು. ಇದ್ದಲಿನೊಡನೆ ಅದಿರನ್ನು ಕಾಸುವ ಉಷ್ಣತೆಯು ಅದಕ್ಕಿಂತ ಹೆಚ್ಚಾದ್ದರಿಂದ ಲೋಹವು ಆವಿಯಾಗಿಯೇ ಹೊರಡುವುದು. ರಾಜಸ್ಥಾನದ ಝಾವರಿನಲ್ಲಿ ಆ ಆವಿಯನ್ನು ಕೆಳಮುಖವಾಗಿ ಇಳಿಸಿ ತಣಿಸುತ್ತಿದ್ದರು. ಸಂಸ್ಕೃತದ ರಸರತ್ನಸಮುಚ್ಚಯದಲ್ಲಿಯೂ ಈ ಕ್ರಮದ ವಿವರಣೆಯಿದೆ. ಒಂದು ಪಾತ್ರೆಯಿಂದ ಹೀಗೆ ವಿದ್ಯುದ್ರಸಾಯನ, ಆಮ್ಲ-ಪ್ರತ್ಯಾಮ್ಲ, ಉಷ್ಣಗತಿಶಾಸ್ತ್ರ ಮೂರಕ್ಕೂ ದಾರಿಯಾಯಿತು.

ಸುಣ್ಣದ ಲೆಕ್ಕವೂ ಇಂಥದೇ. ಶುದ್ಧವಾದ 100 ತೊಲೆ ಸುಣ್ಣದ ಕಲ್ಲನ್ನು ಸುಟ್ಟರೆ 56 ತೊಲೆ ಸುಟ್ಟ ಸುಣ್ಣವುಳಿದು, 44 ತೊಲೆ ಇಂಗಾಲದ ಡೈಆಕ್ಸೈಡು ಹಾರಿಹೋಗುವುದು. ಅರಳಿಸಿದ ಸುಣ್ಣವು ಗೋಡೆಯಲ್ಲಿ ಅದೇ ಅನಿಲವನ್ನು ಮರಳಿ ಹೀರಿ ಕಲ್ಲಾಗುವುದು. ಇಷ್ಟನ್ನು ಕಾಗದವಿಲ್ಲದೆ ಹೇಳಬಲ್ಲವನಾಗಬೇಕು.

ಮೊದಲು ಕನ್ನಡದಲ್ಲಿ ಹೇಳಲಿ. ಉರ್ದು, ಮರಾಠಿ ಮಾತನಾಡುವ ಮನೆಗಳಲ್ಲಿ ಆ ಭಾಷೆಯಲ್ಲಿ. ಅರ್ಥವು ಸ್ಥಿರವಾದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ. ಗೋಡೆಗೆ ಒಂದು ಕರಿಹಲಗೆಯನ್ನು ತೂಗಹಾಕಿ, ನಿಂತು ಬರೆಯುತ್ತ ಮಾತನಾಡುವ ರೂಢಿ ಮಾಡಿಸತಕ್ಕದ್ದು. ಕೇಳುವವರು ರಸಾಯನವನ್ನು ಬಲ್ಲವರೇ ಆಗಬೇಕೆಂದಿಲ್ಲ. "ಅದು ಯಾಕೆ ಹಾಗೆ, ಮಗಾ?" ಎಂದು ಅಜ್ಜಿಯು ಮೂರು ಸಲ ಕೇಳಿದರೆ ಸಾಕು; ಮೂರನೆಯದಕ್ಕೆ ಹುಡುಗನು ತಡವರಿಸುವ ಸ್ಥಳವೇ ಮರುದಿನ ಓದಬೇಕಾದ ಪಾಠ. ಹೆಣ್ಣುಮಕ್ಕಳಿಗೂ ಈ ಸಮಯವನ್ನು ಬಿಟ್ಟುಕೊಡಬೇಕು. ಅಡಿಗೆಯ ಹೊತ್ತಿನಲ್ಲಿ ಅವರನ್ನು ಕರಿಹಲಗೆಯಿಂದ ಎಬ್ಬಿಸಬಾರದು.

ಬೆಂಗಳೂರು ನಮಗೆ ಒಂದು ಪೂರ್ತಿ ರಾತ್ರಿಯ ದಾರಿ. ಅದೇ ದಿನ ಮುಂಜಾನೆ ಇಳಿದು ಪರೀಕ್ಷೆಗೆ ಓಡುವಂತಾಗದೆ, ಒಂದು ದಿನ ಮುಂಚಿತವಾಗಿ ಮುಟ್ಟುವಂತೆ ಹೊರಡಿಸಿರಿ. ಜೊತೆಗೆ ಹೋಗುವ ತಂದೆಯು ದಾರಿಯುದ್ದಕ್ಕೂ ಪ್ರಶ್ನೆ ಕೇಳದೆ ಮಗುವನ್ನು ಮಲಗಗೊಡುವುದು ಒಳಿತು.