ಆರು ತಿಂಗಳಾದ ಮೇಲೂ ನಡಿಗೆ ಸುಧಾರಿಸೀತೆ?

ಪ್ರಶ್ನೆ: ತಂದೆಗೆ ಲಕ್ವ ಹೊಡೆದು ಏಳು ತಿಂಗಳಾಯಿತು. ದೊಡ್ಡ ಆಸ್ಪತ್ರೆಗಳಲ್ಲಿ ಮೈಗೆ ಪಟ್ಟಿ ಬಿಗಿದು, ಮೇಲಿನಿಂದ ಆಸರೆ ಕೊಟ್ಟು ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರಂತೆ. ನಮ್ಮೂರಲ್ಲಿ ಅದಿಲ್ಲ. ಈಗ ತಡವಾಯಿತೇ?

ಉತ್ತರ: ಇಲ್ಲ, ತಡವಾಗಿಲ್ಲ. ಯಂತ್ರವಿಲ್ಲವೆಂದು ಕೊರಗುವುದೂ ಬೇಡ.

ಪಟ್ಟಿ ದೇಹದ ಭಾರವನ್ನು ಒಂದಿಷ್ಟು ಹೊರುವುದರಿಂದ, ಬೀಳುವ ಭಯವಿಲ್ಲದೆ ನೂರಾರು ಹೆಜ್ಜೆ ಹಾಕಿಸಬಹುದು. ಮಿದುಳಿನ ಉಳಿದ ಭಾಗಗಳು ನಡಿಗೆಯನ್ನು ಮತ್ತೆ ಕಲಿಯುವುದು ಇಂಥ ಪುನರಾವರ್ತನೆಯಿಂದಲೇ. 

ಅಮೆರಿಕದಲ್ಲಿ ಲಕ್ವ ಹೊಡೆದ 408 ಜನರ ಮೇಲೆ ನಡೆದ 'ಲೀಪ್ಸ್' ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎರಡು ತಿಂಗಳಿಗೇ ಟ್ರೆಡ್‌ಮಿಲ್ ತರಬೇತಿ, ಇನ್ನೊಂದಕ್ಕೆ ಆರು ತಿಂಗಳ ನಂತರ. ಮೂರನೆಯ ಗುಂಪಿಗೆ ಮನೆಯಲ್ಲೇ ಫಿಸಿಯೋಥೆರಪಿಸ್ಟ್ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿಸಿದರು. ವರ್ಷದ ಕೊನೆಗೆ ಒಟ್ಟು ಶೇ. 52ರಷ್ಟು ಜನರ ನಡಿಗೆ ಒಂದು ಹಂತ ಮೇಲೇರಿತ್ತು. ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ! ತಡವಾಗಿ ಶುರುಮಾಡಿದವರೂ, ಮನೆಯಲ್ಲೇ ಮಾಡಿದವರೂ ಹಿಂದೆ ಬೀಳಲಿಲ್ಲ. ಹಳ್ಳಿಯ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೇನು ಬೇಕು?

ಆದರೆ ಪ್ರಮಾಣ ಗಮನಿಸಿ: ವಾರಕ್ಕೆ ಮೂರು ಸಲ, ಪ್ರತಿ ಸಲ 90 ನಿಮಿಷ, ಮೂರು-ನಾಲ್ಕು ತಿಂಗಳು. ಸುಮ್ಮನೆ ಕೈಕಾಲು ಆಡಿಸಿದರೆ ಸಾಲದು. ಮೊದಲು ವೈದ್ಯರಿಂದ ಹೃದಯ, ರಕ್ತದೊತ್ತಡ ಪರೀಕ್ಷೆ ಮಾಡಿಸಿ. ನಡೆಸುವಾಗ ತಂದೆಯ ದುರ್ಬಲ ಬದಿಯಲ್ಲಿ ಒಬ್ಬರು ನಿಂತಿರಲೇಬೇಕು. ಆ ಅಧ್ಯಯನದಲ್ಲೂ ಬಿದ್ದವರು ಅನೇಕರು.