ಅಂತರಾಯ ಯಾರದು?

ಬಡವನ ಬಡತನಕ್ಕೆ ಅವನ ಪೂರ್ವಾರ್ಜಿತ ಲಾಭಾಂತರಾಯ ಕರ್ಮವೇ ಕಾರಣವೆಂಬ ಮಾತು ಶ್ರಾವಕರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಶಾಸ್ತ್ರದೃಷ್ಟಿಯಿಂದ ಇದು ಸುಳ್ಳಲ್ಲ. ಆದರೆ ಅರ್ಧ ಮಾತು. ಅಂತರಾಯ ಕರ್ಮದ ಆಸ್ರವ ಯಾರಿಗೆ ಆಗುತ್ತದೆಂಬುದನ್ನೂ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಕೊನೆಯಲ್ಲಿ ತಿಳಿಸಿದ್ದಾರೆ: ಪರರ ಲಾಭ, ಭೋಗಾದಿಗಳಿಗೆ ವಿಘ್ನ ತರುವವನಿಗೆ. ಹಾಗಿರುವಾಗ ಹಸಿದವನ ಕರ್ಮವನ್ನಷ್ಟೇ ಎಣಿಸುವುದು ನ್ಯಾಯವೆ? ಅವನ ಅನ್ನಕ್ಕೆ ಅಡ್ಡ ನಿಂತವನ ಕರ್ಮವನ್ನು ಎಣಿಸುವವರಾರು?

ನಮ್ಮ ಸೀಮೆಯನ್ನೇ ನೋಡೋಣ. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ನೀಡಿದ ವರದಿಯು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತು. ಮಳೆ ಕಡಿಮೆ, ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾವಗಡದಲ್ಲಂತೂ ಅಂತರ್ಜಲದಲ್ಲಿ ಫ್ಲೋರೈಡ್. ಇಷ್ಟು ಪ್ರಕೃತಿಯ ಪಾಲು. ಆದರೆ ಹಣವುಳ್ಳವನು ಮತ್ತಷ್ಟು ಆಳಕ್ಕೆ ಕೊಳವೆಬಾವಿ ಕೊರೆಯಿಸಿದಾಗ ಪಕ್ಕದ ಹೊಲದವನ ಬಾವಿ ಬತ್ತುವುದು ಪ್ರಕೃತಿಯ ಪಾಲಲ್ಲ.

ಪಾವಗಡದ ತಿರುಮಣಿಯ ಸೌರವಿದ್ಯುತ್ ಪಾರ್ಕನ್ನು ಗಮನಿಸಿರಿ. ಸುಮಾರು 13,000 ಎಕರೆ ಭೂಮಿ, 2,050 ಮೆಗಾವಾಟ್ ಸಾಮರ್ಥ್ಯ. ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದು, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೊತ್ತುಮಾಡಿದರು. ಬರದಿಂದ ಬೇಸತ್ತ ರೈತನಿಗೆ ಇದು ನಿಜವಾದ ಆಸರೆ, ನಾನದನ್ನು ಹಳಿಯಲಾರೆ. ಹೆಚ್ಚು ಭೂಮಿಯಿದ್ದವನಿಗೆ ಹೆಚ್ಚು ಹಣ ಬಂತು. ಭೂಮಿಯಿಲ್ಲದವನಿಗೆ? ಕಡಲೆಕಾಯಿ ಹೊಲದ ಕೂಲಿ ಹೋಯಿತು, ಕುರಿ ಮೇಯುವ ಬಯಲು ಹೋಯಿತು, ಗುತ್ತಿಗೆ ಹಣದಲ್ಲಿ ಪಾಲಿಲ್ಲ. ವಿಘ್ನ ತಂದವರು ಇಂಥವರೇ ಎಂದು ಬೆರಳು ತೋರಿಸಲಾಗದು. ಕಾಗದಗಳೆಲ್ಲ ಕ್ರಮವಾಗಿಯೇ ಇವೆ! ಆದರೂ ಕೂಲಿಕಾರನ ಲಾಭಕ್ಕೆ ವಿಘ್ನ ಒದಗಿದ್ದು ದಿಟ.

ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಆಚಾರ್ಯರು ಮೊದಲು ಹೆಸರಿಸಿದ್ದು ಕ್ಷೇತ್ರವನ್ನು, ಅಂದರೆ ಹೊಲವನ್ನು. ಬೆಳ್ಳಿ ಬಂಗಾರ ಅನಂತರ. ದಶಲಕ್ಷಣ ಪರ್ವದಲ್ಲಿ ಒಡವೆಗೆ ಮಿತಿ ಹೇಳಿಕೊಳ್ಳುವವರುಂಟು. ಭೂಮಿಗೆ ಮಿತಿ ಹೇಳಿಕೊಂಡವರನ್ನು ನಾನು ಕಂಡದ್ದು ಅಪರೂಪ; ಕೊಳವೆಬಾವಿಗೆ ಮಿತಿ ಹೇಳಿಕೊಂಡವರನ್ನು ಕಂಡೇ ಇಲ್ಲ.

ಮಿತಿಗಿಂತ ಮಿಕ್ಕದ್ದು ದಾನಕ್ಕೆ ಸಲ್ಲಬೇಕು. ಮಧುಗಿರಿ ಬೆಟ್ಟದ ಬುಡದ ಮಲ್ಲಿನಾಥ ಬಸದಿಗೆ ದೀಪದೆಣ್ಣೆ ಕೊಡುವುದು ಪುಣ್ಯವೇ. ಆದರೆ ಚತುರ್ವಿಧ ದಾನದಲ್ಲಿ ಔಷಧವೂ ಶಾಸ್ತ್ರವೂ ಸೇರಿವೆ. ಫ್ಲೋರೈಡ್ ಊರಿನಲ್ಲಿ ಶುದ್ಧ ನೀರೇ ಔಷಧದಾನ. ತಾಯಿತಂದೆಯರೊಡನೆ ಗುಳೆ ಹೋಗಬೇಕಾದ ಮಗುವನ್ನು ಊರಿನ ಶಾಲೆಯಲ್ಲೇ ಉಳಿಸಿಕೊಂಡು, ಪಾಠಕ್ಕೂ ರಾತ್ರಿಯ ಊಟಕ್ಕೂ ಯಾರಾದರೂ ಹೊಣೆಯಾದರೆ, ಮೇಷ್ಟರಾಗಿದ್ದ ನನ್ನ ಲೆಕ್ಕದಲ್ಲಿ ಅದು ಶಾಸ್ತ್ರದಾನ.