ಕೊರಳಿನ ಶಸ್ತ್ರಚಿಕಿತ್ಸೆ: ಕನ್ನಡಿ ಒಪ್ಪದಿದ್ದಾಗ

ಹಿರೇಕೆರೂರಿನ ಸಮೀಪದ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಶಾಸನವಿದೆ. ಕ್ರಿ.ಶ. 1200ರ ಸುಮಾರಿನದು. ಜೈನರೊಡನೆ ನಡೆದ ವಾದದಲ್ಲಿ ಪಣ ಕಟ್ಟಿದ ರಾಮಯ್ಯ ತನ್ನ ತಲೆಯನ್ನು ತಾನೇ ಕತ್ತರಿಸಿ ಶಿವನ ಪಾದಕ್ಕೆ ಒಪ್ಪಿಸಿದನಂತೆ. ಏಳು ದಿನಗಳ ಮೇಲೆ ತಲೆ ಮತ್ತೆ ಮುಂಡಕ್ಕೆ ಕೂಡಿಕೊಂಡಿತು, ಕೊರಳಿನ ಮೇಲೆ ಗಾಯದ ಕಲೆಯೂ ಉಳಿಯಲಿಲ್ಲ ಎಂಬುದು ಕಥೆ. ದೇವಾಲಯದ ಶಿಲ್ಪಗಳಲ್ಲೂ ಈ ಪ್ರಸಂಗವನ್ನು ಕಡೆದಿದ್ದಾರೆ. ಹಾನಗಲ್ಲಿನ ಕದಂಬ ದೊರೆ ಕಾಮದೇವ ಈ ಪವಾಡದ ಕಥೆಗೆ ತಲೆಬಾಗಿ ದತ್ತಿ ಬಿಟ್ಟನೆಂದು ಶಾಸನ ಹೇಳುತ್ತದೆ.

ಏಳು ದಿನ, ಕಲೆಯಿಲ್ಲದ ಕೊರಳು. ಎಂಟುನೂರು ವರ್ಷಗಳ ನಂತರ ಇದೇ ಎರಡು ಭರವಸೆಗಳನ್ನು ಸೌಂದರ್ಯ ಚಿಕಿತ್ಸೆಯ ಜಾಹೀರಾತುಗಳು ಕೊಡುತ್ತಿವೆ. ಇಳಿಬಿದ್ದ ಗದ್ದ, ಜೋತ ಕುತ್ತಿಗೆಯನ್ನು ಒಂದು ವಾರದಲ್ಲಿ ಸರಿಪಡಿಸುತ್ತೇವೆ ಎನ್ನುವ ಚಿತ್ರಗಳು ಈಗ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲೂ ಅಂಗೈಯ ಮೊಬೈಲಿಗೆ ಬಂದು ಬೀಳುತ್ತವೆ. ನಂಬಿ ಹೋದವರಲ್ಲಿ ಹೆಚ್ಚಿನವರಿಗೆ ತಕ್ಕಮಟ್ಟಿನ ಸಮಾಧಾನ ಸಿಗಬಹುದು. ಆದರೆ ಕಟ್ಟು ಬಿಚ್ಚಿದ ಮೇಲೆ ಕನ್ನಡಿಯಲ್ಲಿ ಕಂಡದ್ದು ಬಯಸಿದ್ದಲ್ಲ ಎಂದಾದಾಗ ಏನು ಮಾಡಬೇಕು? ಇದನ್ನು ಯಾರ ಬಳಿ ಕೇಳುವುದು ಎಂಬುದೇ ಈ ಊರುಗಳಲ್ಲಿ ಮೊದಲ ತೊಡಕು. ಹೆರಿಗೆಯಲ್ಲೋ ಅಪಘಾತದಲ್ಲೋ ತೊಂದರೆಯಾದರೆ ಓಣಿಯೆಲ್ಲ ಬಂದು ಮಾತಾಡಿಸುತ್ತದೆ. ಚೆಂದಕ್ಕಾಗಿ ಮಾಡಿಸಿಕೊಂಡದ್ದು ಕೆಟ್ಟರೆ, ಶೋಕಿ ಮಾಡಲು ಹೋಗಿ ಅನುಭವಿಸಿದರು ಎನ್ನುತ್ತದೆ. ಮನೆಯವರಿಗೂ ಹೇಳದೆ ಹೋಗಿ ಬಂದವರ ಪಾಡು ಇನ್ನೂ ಕಷ್ಟ.

ಮೊದಲು ಚಿಕಿತ್ಸೆಯ ಬಗೆಯನ್ನು ತಿಳಿಯೋಣ. ಕುತ್ತಿಗೆಯ ಚರ್ಮದಡಿ ಕೊಬ್ಬಿನ ಪದರವಿದೆ. ಅದರಡಿ ದವಡೆಯಿಂದ ಕೊರಳೆಲುಬಿನವರೆಗೆ ಹಾಸಿರುವ ಪ್ಲಾಟಿಸ್ಮಾ ಎಂಬ ತೆಳು ಸ್ನಾಯು. ವಯಸ್ಸಾದಂತೆ ಇದರ ಮುಂದಿನ ಅಂಚುಗಳು ಸಡಿಲಾಗಿ ಎರಡು ಹುರಿಗಳಂತೆ ಎದ್ದು ಕಾಣುತ್ತವೆ. ಶಸ್ತ್ರವೈದ್ಯರು ಗದ್ದದ ಕೆಳಗೆ ಮತ್ತು ಕಿವಿಗಳ ಸುತ್ತ ಕೊಯ್ದು, ಹೆಚ್ಚಿನ ಕೊಬ್ಬು ತೆಗೆದು, ಸ್ನಾಯುವಿನ ಅಂಚುಗಳನ್ನು ನಡುವೆ ಹೊಲಿದು, ಚರ್ಮವನ್ನು ಕಿವಿಯ ಹಿಂದಕ್ಕೆ ಎಳೆದು, ಉಳಿದುದನ್ನು ಕತ್ತರಿಸುತ್ತಾರೆ. ಕಿರಿಯರಲ್ಲಿ ಕೆಲವೊಮ್ಮೆ ಸಣ್ಣ ತೂತಿನ ಮೂಲಕ ಕೊಬ್ಬನ್ನು ಹೀರಿ ತೆಗೆಯುವುದಷ್ಟೇ ಸಾಕಾಗುತ್ತದೆ.

ಕಟ್ಟು ಬಿಚ್ಚಿದ ದಿನದ ಕೊರಳು ಮುಗಿದ ಕೆಲಸವಲ್ಲ. ಊತ ಇಳಿಯಲು ವಾರಗಳು ಬೇಕು. ಚರ್ಮದಡಿಯ ಗಡಸು ಮತ್ತು ಗಂಟುಗಂಟಾದ ಭಾಗ ಮೆತ್ತಗಾಗಲು ತಿಂಗಳುಗಳೇ ಹಿಡಿಯುತ್ತವೆ. ಕಿವಿಯ ಸುತ್ತ ಜೋಮು ಹಿಡಿದಂತಿರುವುದು, ಒಂದು ಕಡೆಯ ತುಟಿ ಸ್ವಲ್ಪ ಸೊಟ್ಟಗಾಗುವುದು ಇವು ನರಕ್ಕೆ ಪೆಟ್ಟು ಬಿದ್ದುದರ ಲಕ್ಷಣ. ಹೆಚ್ಚಿನವರಲ್ಲಿ ವಾರ, ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ. ಗಾಯದ ಕಲೆ ಮಾಗಲು ಒಂದು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಬೇಕು. ಆದ್ದರಿಂದಲೇ ಅನುಭವಿ ವೈದ್ಯರು ಕನಿಷ್ಠ ಆರು ತಿಂಗಳು, ಸಾಮಾನ್ಯವಾಗಿ ಒಂದು ವರ್ಷ ಕಳೆಯುವ ಮುನ್ನ ಎರಡನೆಯ ಸಲ ಕತ್ತಿ ಹಾಕಲು ಒಪ್ಪುವುದಿಲ್ಲ. ಮಾಗದ ಅಂಗಾಂಶಕ್ಕೆ ಮತ್ತೆ ಕೈ ಹಾಕಿದರೆ ಇದ್ದದ್ದೂ ಕೆಡಬಹುದು. ಆದರೆ ಮೊದಲ ಒಂದೆರಡು ದಿನಗಳಲ್ಲಿ ಕೊರಳು ಒಂದು ಕಡೆ ಬಿರುಸಾಗಿ ಊದಿ, ನೋವು ಹೆಚ್ಚಿ, ಉಸಿರಾಟಕ್ಕೆ ತೊಂದರೆಯಾದರೆ ಒಳಗೆ ರಕ್ತ ಕಟ್ಟಿರಬಹುದು. ಅದಕ್ಕೆ ಕಾಯುವ ಮಾತೇ ಇಲ್ಲ, ಕೂಡಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕಾದರೂ ಹೋಗದ ದೋಷಗಳಿವೆ. ನಡುಭಾಗದ ಕೊಬ್ಬನ್ನು ಅತಿಯಾಗಿ ತೆಗೆದರೆ ಗದ್ದದ ಕೆಳಗೆ ಗುಳಿ ಬಿದ್ದು, ಅಕ್ಕಪಕ್ಕದ ಸ್ನಾಯು ಎದ್ದು ನಿಲ್ಲುತ್ತದೆ. ಶಸ್ತ್ರವೈದ್ಯರು ಇದಕ್ಕೆ ನಾಗರಹಾವಿನ ಹೆಸರನ್ನೇ ಇಟ್ಟಿದ್ದಾರೆ. ಚರ್ಮವನ್ನು ಬಿಗಿಯಾಗಿ ಎಳೆದು ಹೊಲಿದರೆ ಕಿವಿಯ ಹಾಲೆ ಕೆಳಕ್ಕೆ ಜಗ್ಗಿದಂತೆ ಕಾಣುತ್ತದೆ. ಇವನ್ನು ದೇಹದ ಬೇರೆಡೆಯ ಕೊಬ್ಬು ತುಂಬಿ, ಸ್ನಾಯುವನ್ನು ಮತ್ತೆ ಹೊಲಿದು ಒಂದಷ್ಟು ಸರಿಪಡಿಸಬಹುದು. ಮೊದಲಿನಂತೆಯೇ ಆಗುತ್ತದೆಂದು ಯಾರೂ ಬರೆದುಕೊಡಲಾರರು.

ನಮ್ಮ ಮೈಬಣ್ಣದವರು ಮುಖ್ಯವಾಗಿ ಅರಿಯಬೇಕಾದದ್ದು ಕೀಲಾಯ್ಡ್. ಕಿವಿ ಚುಚ್ಚಿಸಿದಲ್ಲಿ ಹುಣಸೆಬೀಜದಷ್ಟು ಗಂಟು ಬೆಳೆದವರನ್ನು ಎಲ್ಲರೂ ನೋಡಿರುತ್ತೇವೆ. ಗಾಯ ಮಾಯ್ದ ಮೇಲೂ ದೇಹ ಅಲ್ಲಿ ನಾರು ಹೆಣೆಯುತ್ತಲೇ ಹೋಗಿ, ಕಲೆಯು ಗಾಯದ ಎಲ್ಲೆ ಮೀರಿ ಬೆಳೆಯುವ ಸ್ಥಿತಿಯಿದು. ಬಿಳಿಯರಿಗಿಂತ ಕಪ್ಪು, ಕಂದು ಚರ್ಮದವರಲ್ಲಿ ಹೆಚ್ಚು. ಮನೆತನದಲ್ಲಿ ಹರಿದುಬರುವುದೂ ಉಂಟು. ಬರಿದೇ ಕತ್ತರಿಸಿ ತೆಗೆದರೆ ಇನ್ನೂ ದೊಡ್ಡದಾಗಿ ಮರಳುತ್ತದೆ. ಗಂಟಿನೊಳಗೇ ಸ್ಟಿರಾಯ್ಡ್ ಚುಚ್ಚುಮದ್ದು, ಸಿಲಿಕಾನ್ ಪಟ್ಟಿ, ಕೆಲವೊಮ್ಮೆ ಕತ್ತರಿಸಿದ ನಂತರ ವಿಕಿರಣ ಇದಕ್ಕಿರುವ ದಾರಿಗಳು. ಕಿವಿಯ ಗಂಟನ್ನು ಓಲೆ ಮುಚ್ಚಬಹುದು. ಕೊರಳಿಗೆ ಬಿಗಿಯಾಗಿ ಕೂರುವ ಟೀಕಿಯ ಕೆಳಗೆ ಎದ್ದ ಕಲೆಯನ್ನು ಯಾವ ಆಭರಣವೂ ಮುಚ್ಚದು. ಹಳೆಯ ಗಾಯಗಳು ಹೇಗೆ ಮಾಯ್ದಿವೆ ಎಂದು ಮೊದಲೇ ವಿಚಾರಿಸದ ವೈದ್ಯರ ಬಳಿ ಕೊರಳು ಒಡ್ಡದಿರುವುದು ಮೇಲು.

ಗಾಯದ ಗುರುತಿಲ್ಲದ ಶಸ್ತ್ರಚಿಕಿತ್ಸೆ ಎಂದೂ ಇರಲಿಲ್ಲ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡ. ಮುಂದೆ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದರು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರದೊಡನೆ ಅಚ್ಚು ಹಾಕಿತು. ಯುರೋಪಿನ ವೈದ್ಯರು ಕಲಿತದ್ದು ಆ ಮೂಗಿನಿಂದ. ಆದರೆ ಚಿತ್ರದಲ್ಲಿ ಹಣೆಯ ಕಲೆಯೂ ಕಾಣುತ್ತದೆ. ಮೂಗಿಗಾಗಿ ಅವನು ಕೊಟ್ಟ ಬೆಲೆ ಅದು.

ಕೊರಳಿನ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಇನ್ನೊಂದು ಪ್ರಸಂಗವಿದೆ. ಸ್ವಿಟ್ಜರ್ಲೆಂಡಿನ ಥಿಯೊಡೋರ್ ಕೋಕರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಸಿದ್ಧಹಸ್ತ. ಕತ್ತಿನ ಮಡಿಕೆಯ ಉದ್ದಕ್ಕೆ, ಕಲೆ ಹೆಚ್ಚು ಕಾಣದಂತೆ ಕೊಯ್ಯುವ ಕ್ರಮಕ್ಕೆ ಇಂದಿಗೂ ಅವನ ಹೆಸರಿದೆ. ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡ ತನ್ನ ಹಳೆಯ ರೋಗಿಗಳನ್ನು ಆತ ಮರಳಿ ಕರೆಸಿ ಪರೀಕ್ಷಿಸಿದಾಗ ಅವರಲ್ಲಿ ಹೆಚ್ಚಿನವರು ಮುಖ ಊದಿ, ಮಂಕಾಗಿದ್ದರು. ಮಕ್ಕಳ ಬೆಳವಣಿಗೆ ನಿಂತಿತ್ತು. ಗಾಯ ಮಾತ್ರ ಚೆನ್ನಾಗಿ ಮಾಯ್ದಿತ್ತು. ಕೋಕರ್ ಇದನ್ನು ಮುಚ್ಚಿಡದೆ 1883ರಲ್ಲಿ ವೈದ್ಯರ ಸಭೆಯ ಮುಂದಿಟ್ಟು, ಗ್ರಂಥಿಯನ್ನು ಪೂರ್ತಿ ತೆಗೆಯುವುದನ್ನು ಬಿಟ್ಟ. 1909ರಲ್ಲಿ ಅವನಿಗೆ ನೊಬೆಲ್ ಬಂತು. ರೋಗಿಯನ್ನು ಮತ್ತೆ ಕರೆದು ನೋಡುವ ಈ ಗುಣ ಸೌಂದರ್ಯ ಚಿಕಿತ್ಸೆಯ ಪೇಟೆಯಲ್ಲಿ ಎಷ್ಟು ಕಡೆ ಸಿಕ್ಕೀತು ಎಂಬ ಅನುಮಾನ ನನಗಿದೆ. ಹಿರೇಕೆರೂರಿನವರು ಮುನ್ನೂರು ಕಿಲೋಮೀಟರು ದಾಟಿ ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡರೆ, ಮೂರನೆಯ ಸಲ ತೋರಿಸಲು ಹೋಗುವುದನ್ನು ಅವರೇ ಕೈಬಿಡುವುದೂ ಉಂಟು.

ಹಾಗಿದ್ದರೆ ಮುನಿಸಿನಲ್ಲಿ ಕೂರದೆ ಮಾಡಬೇಕಾದದ್ದು ಏನು? ಮೊದಲಿಗೆ ಚಿತ್ರಗಳು. ಒಂದೇ ಬೆಳಕಿನಲ್ಲಿ, ತಲೆಯನ್ನು ಒಂದೇ ಮಟ್ಟದಲ್ಲಿಟ್ಟು, ಮುಂದಿನಿಂದ ಮತ್ತು ಎರಡೂ ಪಕ್ಕದಿಂದ ತಿಂಗಳಿಗೊಮ್ಮೆ ತೆಗೆಸಿಡಬೇಕು. ಗದ್ದ ತುಸು ತಗ್ಗಿದರೂ ಕುತ್ತಿಗೆಯ ರೂಪ ಬೇರೆಯಾಗಿ ಕಾಣುವುದರಿಂದ ಈ ಎಚ್ಚರ ಬೇಕು. ಬಳಿಕ ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕಂಡು, ಯಾವುದು ಮಾಗಬೇಕಾದದ್ದು, ಯಾವುದು ಹೀಗೆಯೇ ಉಳಿಯುವುದು ಎಂದು ನೇರವಾಗಿ ಕೇಳಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪಡೆದ ಮತ್ತೊಬ್ಬರ ಅಭಿಪ್ರಾಯ ಪಡೆಯಬೇಕು. ಬ್ಯೂಟಿ ಪಾರ್ಲರಿನವರ ಅಭಿಪ್ರಾಯ ಇಲ್ಲಿ ನಡೆಯದು. ಸುಟ್ಟ ಗಾಯದಿಂದ ಗದ್ದ ಎದೆಗೆ ಅಂಟಿಕೊಂಡವರ ಕೊರಳನ್ನು ಬಿಡಿಸುವವರೂ ಇದೇ ವಿಭಾಗದ ವೈದ್ಯರು. ಅಂಥ ರೋಗಿಗಳು ಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ಕುತ್ತಿಗೆಪಟ್ಟಿ ಕಟ್ಟಿಕೊಳ್ಳಬೇಕಾಗುತ್ತದೆ. ನೆರಿಗೆ ಹೋಗಲಿಲ್ಲವೆಂದು ಬಂದವರಿಗೂ ಅವರಿಗೂ ಹೋಲಿಕೆ ಹಚ್ಚುವುದು ಸಲ್ಲ. ಆದರೆ ಕನ್ನಡಿಯ ಮುಂದೆ ನಿಲ್ಲಲಾಗದ ಸಂಕಟ ಇಬ್ಬರಲ್ಲೂ ನಿಜವಾದದ್ದೇ. ನಿದ್ದೆಗೆಟ್ಟು, ಹೊರಗೆ ಹೋಗುವುದನ್ನೇ ಬಿಟ್ಟವರು ಮನೋವೈದ್ಯರನ್ನು ಕಾಣಲು ನಾಚಬೇಕಿಲ್ಲ.

ಇನ್ನು ಕಾನೂನು. ಬಯಸಿದ ರೂಪ ಬರಲಿಲ್ಲ ಎಂಬುದಷ್ಟೇ ವೈದ್ಯರ ನಿರ್ಲಕ್ಷ್ಯ ಎನಿಸುವುದಿಲ್ಲ. ಆದರೆ ಅಪಾಯಗಳನ್ನು ತಿಳಿಸದೆ ಸಹಿ ಹಾಕಿಸಿಕೊಂಡಿದ್ದರೆ, ಅರ್ಹತೆಯಿಲ್ಲದವರು ಕತ್ತಿ ಹಿಡಿದಿದ್ದರೆ, ನಂತರದ ಆರೈಕೆಯಲ್ಲಿ ತಪ್ಪಿದ್ದರೆ ಪ್ರಶ್ನಿಸಬಹುದು. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ಕೊಟ್ಟಿದೆ. ರೋಗಿಯ ಒಪ್ಪಿಗೆ ಎಂದರೆ ವಿಷಯ ತಿಳಿದು ಕೊಟ್ಟ ಒಪ್ಪಿಗೆ ಎಂದು 2008ರಲ್ಲಿ ಸ್ಪಷ್ಟಪಡಿಸಿತು.

ತೊಡಕಿರುವುದು ಕಾಲದ ಲೆಕ್ಕದಲ್ಲಿ. ವೈದ್ಯರು ಒಂದು ವರ್ಷ ಕಾಯಿರಿ ಎನ್ನುವುದು ಸರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರಿಗೆ ಕೊಡುವುದು ಎರಡೇ ವರ್ಷ. ತಡವಾದರೆ ತಕ್ಕ ಕಾರಣ ತೋರಿಸಿ ಆಯೋಗವನ್ನು ಒಪ್ಪಿಸಬೇಕಾಗುತ್ತದೆ. ಕಾದು, ಮತ್ತೆ ಕಾದು, ನಾಚಿಕೆಯಿಂದ ಇನ್ನಷ್ಟು ದಿನ ತಳ್ಳಿದವರ ಗಡುವು ಹೀಗೇ ಕಳೆದುಹೋಗುತ್ತದೆ. ಆದ್ದರಿಂದ ಗಾಯ ಮಾಗುವುದನ್ನು ಕಾಯುತ್ತಲೇ ದಾಖಲೆಗಳನ್ನು ಕೂಡಿಸಿಕೊಳ್ಳಬೇಕು. 2002ರ ವೈದ್ಯಕೀಯ ನೀತಿ ನಿಯಮಾವಳಿಯಂತೆ ರೋಗಿ ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಯ್ದಿಡಬೇಕು. ಒಪ್ಪಿಗೆ ಪತ್ರ, ರಸೀದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಇವುಗಳ ಪ್ರತಿಗಾಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು.

ದೂರು ಕೊಡಲು ಬೆಂಗಳೂರಿಗೆ ಅಲೆಯಬೇಕಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದಾಖಲಿಸಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ಸವಣೂರಿನವರಾಗಲಿ ಹಾನಗಲ್ಲಿನವರಾಗಲಿ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ.